ಹೊದಿಕೆ ಸರಿಸಿ ನೋಡಿ: ಆಶ್ರಮದಲ್ಲಿರುವ ಹಿರಿಯರನ್ನು ಹಾಸಿಗೆ ಹುಣ್ಣಿನಿಂದ ಕಾಪಾಡಲು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಸೋದರತ್ತೆ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಕೆಲವು ತಿಂಗಳು ಒಂದು ಆರೈಕೆ ಕೇಂದ್ರದಲ್ಲಿದ್ದರು. ಪ್ರತಿ ಭಾನುವಾರ ಹೋಗುತ್ತಿದ್ದೆವು. ತಲೆ ಬಾಚಿರುತ್ತಿತ್ತು. ಹಣೆಯಲ್ಲಿ ಕುಂಕುಮ ಇರುತ್ತಿತ್ತು. ಎದೆಯವರೆಗೂ ಒಗೆದ ಬೆಡ್‌ಶೀಟ್ ಹೊದಿಸಿರುತ್ತಿದ್ದರು. ಕಿತ್ತಳೆ ಸುಲಿದು ತಿನ್ನಿಸಿ, ಅರ್ಧ ಗಂಟೆ ಮಾತಾಡಿ ಬರುತ್ತಿದ್ದೆವು. "ಬೆನ್ನು ಉರಿಯುತ್ತೆ ಕಣೇ" ಅಂತ ಎರಡು ಸಲ ಹೇಳಿದ್ದರು. ಮಲಗೇ ಇದ್ದಾರಲ್ಲ, ಅದಕ್ಕಿರಬೇಕು ಅಂದುಕೊಂಡೆ. ಮುಂದಿನ ವಾರ ಹೋದಾಗ ಊದುಬತ್ತಿಯ ವಾಸನೆಯ ಜೊತೆ ಇನ್ನೊಂದು ವಾಸನೆ ಇತ್ತು. ಹೊದಿಕೆ ಸರಿಸಿ, ಪಕ್ಕಕ್ಕೆ ಹೊರಳಿಸಿ ನೋಡಿದರೆ ಬೆನ್ನಿನ ತಳದಲ್ಲಿ ನನ್ನ ಮುಷ್ಟಿ ಹಿಡಿಸುವಷ್ಟು ಗುಂಡಿ.

ಅವತ್ತು ನನಗೆ ಗೊತ್ತಿರಬೇಕಾಗಿದ್ದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರೊಬ್ಬರು ಆಶ್ರಮದಲ್ಲೋ ಆರೈಕೆ ಕೇಂದ್ರದಲ್ಲೋ ಇದ್ದರೆ, ಅಥವಾ ಹೋಂ ನರ್ಸ್ ಇಟ್ಟು ಮನೆಯಲ್ಲೇ ನೋಡಿಕೊಳ್ಳುತ್ತಿದ್ದರೆ, ಇದು ನಿಮಗೆ ಬೇಕಾಗುತ್ತದೆ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಅದೇ ಪದಕ್ಕೆ ವಯಸ್ಸಾದವರು ಉಳಿದುಕೊಳ್ಳುವ ಮನೆ ಅಂತ ಅರ್ಥ. ನಾನು ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ. ವೃದ್ಧಾಶ್ರಮ, ಕೇರ್ ಹೋಂ, ಎಲ್ಡರ್ ಕೇರ್ ಹೀಗೆ ಬೋರ್ಡಿನ ಮೇಲೆ ಏನೇ ಬರೆದಿರಲಿ, ಹಾಸಿಗೆ ಹಿಡಿದವರನ್ನು ದುಡ್ಡು ತೆಗೆದುಕೊಂಡೋ ದಾನದಿಂದಲೋ ನೋಡಿಕೊಳ್ಳುವ ಜಾಗ.

ಮೊದಲು: ಹಾಸಿಗೆ ಹುಣ್ಣು ಆಗುವುದು ಹೇಗೆ

ನೀವು ಈಗ ಕೂತಿರುವ ಕುರ್ಚಿಯಲ್ಲಿ ಗೊತ್ತಿಲ್ಲದೆಯೇ ಆಗಾಗ ಅಲುಗಾಡುತ್ತಿರುತ್ತೀರಿ. ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೀರಿ. ಒಂದೇ ಕಡೆ ಒತ್ತಡ ಬಿದ್ದರೆ ಆ ಜಾಗ ಜೋಮು ಹಿಡಿಯುತ್ತದೆ, ನೋಯುತ್ತದೆ. ದೇಹ ತಾನೇ ಸರಿದುಕೊಳ್ಳುತ್ತದೆ. ಲಕ್ವ ಹೊಡೆದವರಿಗೆ, ಸೊಂಟ ಮುರಿದವರಿಗೆ, ಮರೆವಿನ ಕಾಯಿಲೆ ಜಾಸ್ತಿಯಾದವರಿಗೆ, ನಿದ್ದೆ ಮಾತ್ರೆಯ ಮಂಪರಿನಲ್ಲಿರುವವರಿಗೆ ಇದು ಆಗುವುದಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಮಾಂಸ, ಚರ್ಮ ಸಿಕ್ಕಿಕೊಳ್ಳುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ರಕ್ತ ಬರದ ಮಾಂಸ ಸಾಯುತ್ತದೆ.

ತುಂಬಾ ಮಂದಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಎಷ್ಟೋ ಸಲ ಹುಣ್ಣು ಒಳಗಿನಿಂದ ಶುರುವಾಗುತ್ತದೆ. ಮೂಳೆಯ ಪಕ್ಕದ ಮಾಂಸ ಮೊದಲು ಸಾಯುತ್ತದೆ, ಚರ್ಮ ಆಮೇಲೆ. ಮೇಲೆ ಒಂದು ರೂಪಾಯಿ ಅಗಲ ಕಂಡರೂ ಒಳಗೆ ಅಂಗೈ ಅಗಲ ಹಾಳಾಗಿರಬಹುದು. ಹೀಗೆ ಆಳದಲ್ಲಿ ಆದ ಪೆಟ್ಟು ಚರ್ಮದ ಮೇಲೆ ನೇರಳೆ ಕಲೆಯಾಗಿ ಕಾಣಿಸಲು ಎರಡು ಮೂರು ದಿನ ಹಿಡಿಯುತ್ತದೆ. ಇದನ್ನು ನೆನಪಿಡಿ. ಮುಂದೆ, ಯಾವತ್ತು ಆಯಿತು ಅಂತ ಕೇಳುವಾಗ ಬೇಕಾಗುತ್ತದೆ.

ಒತ್ತಡದ ಜೊತೆ ಇನ್ನೆರಡು ಸೇರುತ್ತವೆ. ಒಂದು ಜಾರಾಟ. ಮಂಚದ ತಲೆಭಾಗ ಎತ್ತಿ ಕೂರಿಸಿದಾಗ ಮೈ ನಿಧಾನವಾಗಿ ಕೆಳಗೆ ಜಾರುತ್ತದೆ. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡಿರುತ್ತದೆ, ಒಳಗಿನ ಮೂಳೆ ಮಾತ್ರ ಕೆಳಗೆ ಸರಿಯುತ್ತದೆ. ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ಇನ್ನೊಂದು ಒದ್ದೆ. ಬದಲಿಸದ ಡೈಪರ್, ರಬ್ಬರ್ ಶೀಟಿನ ಮೇಲಿನ ಬೆವರು ಚರ್ಮವನ್ನು ನೀರಲ್ಲಿ ನೆನೆದ ಕಾಗದದ ಹಾಗೆ ಮಾಡುತ್ತವೆ.

ಹಂತ 1: ಸೇರಿಸುವ ಮುಂಚೆ ಕೇಳಬೇಕಾದ್ದು

ಕೋಣೆ ಎಷ್ಟು ದೊಡ್ಡದು, ಗಾರ್ಡನ್ ಇದೆಯಾ, ದೇವರ ಮನೆ ಇದೆಯಾ ಅಂತ ನೋಡುತ್ತೇವೆ. ನಾವೂ ಅದನ್ನೇ ನೋಡಿದೆವು. ಹಾಸಿಗೆ ಹಿಡಿದವರಿಗೆ ಗಾರ್ಡನ್ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಗ್ಗುಲು ತಿರುಗಿಸಲು ಎದ್ದು ಬರುವ ಮನುಷ್ಯ ಬೇಕು.

ಹಾಗಾಗಿ ಮೊದಲ ಪ್ರಶ್ನೆ ಇದು: ರಾತ್ರಿ ಪಾಳಿಯಲ್ಲಿ ಎಷ್ಟು ಜನ ಆಯಾಗಳಿರುತ್ತಾರೆ? ಅವರ ಕೈಕೆಳಗೆ ಎದ್ದೇಳಲಾರದವರು ಎಷ್ಟು ಮಂದಿ? ಲೆಕ್ಕ ಹಾಕಿ. ಒಬ್ಬರನ್ನು ಸರಿಯಾಗಿ ಹೊರಳಿಸಿ, ಡೈಪರ್ ನೋಡಿ, ದಿಂಬು ಇಡಲು ಹತ್ತು ನಿಮಿಷ ಬೇಕು ಅಂದುಕೊಳ್ಳೋಣ. ಇಪ್ಪತ್ತು ಜನರಿಗೆ ಒಬ್ಬಳೇ ಆಯಾ ಇದ್ದರೆ ಒಂದು ಸುತ್ತು ಮುಗಿಸಲು ಮೂರು ಗಂಟೆಗೂ ಮೇಲಾಗುತ್ತದೆ. ಎರಡು ಗಂಟೆಗೊಮ್ಮೆ ತಿರುಗಿಸುತ್ತೇವೆ ಅಂತ ಆ ಜಾಗದವರು ಹೇಳಿದರೆ ಅದು ಆಗದ ಮಾತು. ಭಾರ ಇರುವವರನ್ನು ಎತ್ತಲು ಇಬ್ಬರು ಬೇಕು ಅನ್ನುವುದೂ ಇದರಲ್ಲಿ ಸೇರಿದೆ.

ಆಮೇಲೆ ಇಷ್ಟು ಕೇಳಿ. ತರಬೇತಾದ ನರ್ಸ್ ಎಷ್ಟು ಹೊತ್ತು ಇರುತ್ತಾರೆ? ಡಾಕ್ಟರ್ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ಚಾರ್ಟ್ ಇದೆಯಾ, ತೋರಿಸುತ್ತೀರಾ? ಹೇಳದೆ ಕೇಳದೆ ಯಾವಾಗ ಬೇಕಾದರೂ ಬರಬಹುದಾ? ಕೊನೆಯ ಪ್ರಶ್ನೆಗೆ ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 2: ಸೇರಿಸುವ ದಿನ ಮೈ ಪೂರ್ತಿ ನೋಡಿ ಬರೆದಿಡಿ

ತುಂಬಾ ಹುಣ್ಣುಗಳು ಆಸ್ಪತ್ರೆಯಲ್ಲೇ ಶುರುವಾಗಿರುತ್ತವೆ. ಆಪರೇಷನ್‌ಗೆ ಕಾಯುತ್ತಾ, ಐಸಿಯುನಲ್ಲಿ ಮಲಗಿ, ಸ್ಟ್ರೆಚರ್ ಮೇಲೆ ಗಂಟೆಗಟ್ಟಲೆ ಕಳೆದು ಬಂದಿರುತ್ತಾರೆ. ಆಶ್ರಮದವರು "ಬರುವಾಗಲೇ ಇತ್ತು" ಅನ್ನುತ್ತಾರೆ. ಆಸ್ಪತ್ರೆಯವರು "ಇಲ್ಲಿಂದ ಹೋಗುವಾಗ ಚೆನ್ನಾಗಿತ್ತು" ಅನ್ನುತ್ತಾರೆ. ನಡುವೆ ನೀವು.

ಸೇರಿಸುವ ದಿನವೇ ಅಲ್ಲಿನ ನರ್ಸ್ ಜೊತೆ ನಿಂತು ಹಿಂದಲೆಯಿಂದ ಹಿಮ್ಮಡಿಯವರೆಗೆ ನೋಡಿ. ಒಂದು ಹಾಳೆಯಲ್ಲಿ ಮನುಷ್ಯನ ಆಕಾರ ಬರೆದು, ಕಲೆ, ಗಾಯ ಇರುವ ಕಡೆ ಗುರುತು ಹಾಕಿ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತ ಬರೆಯಿರಿ. ತಾರೀಕು ಹಾಕಿ ಇಬ್ಬರೂ ಸಹಿ ಮಾಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಅಪಾಯ ಎಷ್ಟಿದೆ ಅಂತ ಅಳೆಯಲು ಬ್ರೇಡನ್ ಸ್ಕೇಲ್ ಅಂತ ಒಂದಿದೆ. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1980ರ ದಶಕದಲ್ಲಿ ಮಾಡಿದ್ದು. ಆರು ವಿಷಯಗಳಿಗೆ ಅಂಕ ಕೊಡುತ್ತಾರೆ: ನೋವು, ಒತ್ತಡ ಗೊತ್ತಾಗುತ್ತದೆಯೇ, ಚರ್ಮ ಎಷ್ಟು ಹೊತ್ತು ಒದ್ದೆ ಇರುತ್ತದೆ, ಎದ್ದು ಓಡಾಡುತ್ತಾರೆಯೇ, ಮಲಗಿದಲ್ಲಿ ತಾವೇ ಹೊರಳುತ್ತಾರೆಯೇ, ಊಟ ಹೇಗಿದೆ, ಮೈ ಜಾರಿ ಉಜ್ಜುತ್ತದೆಯೇ. ಒಟ್ಟು 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಜಾಸ್ತಿ. 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹುಣ್ಣಾಗುವ ಸಂಭವ ಇದೆ ಅಂತ. "ಬ್ರೇಡನ್ ಸ್ಕೋರ್ ಎಷ್ಟು ಬಂತು?" ಅಂತ ನರ್ಸ್‌ನ ಕೇಳಿ. ಆ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಅಲ್ಲಿನ ತಯಾರಿ ನಿಮಗೆ ಗೊತ್ತಾಗುತ್ತದೆ.

ಹಂತ 3: ಭೇಟಿಗೆ ಹೋದಾಗ ಬೆನ್ನು ನೋಡುವುದು

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದಿ ಹೋಗುವುದಾದರೆ ಇದನ್ನು ಓದಿ.

ಎಲ್ಲಿ ನೋಡಬೇಕು? ಅಂಗಾತ ಮಲಗಿದವರಿಗೆ ಬೆನ್ನಿನ ತಳ, ಬಾಲದ ಮೂಳೆ, ಹಿಮ್ಮಡಿ, ಹಿಂದಲೆ, ಮೊಣಕೈ, ರೆಕ್ಕೆ ಮೂಳೆ. ಪಕ್ಕಕ್ಕೆ ಮಲಗಿದವರಿಗೆ ಸೊಂಟದ ಪಕ್ಕದ ಮೂಳೆ, ಎರಡು ಮಂಡಿ ಒಂದಕ್ಕೊಂದು ತಾಗುವ ಜಾಗ, ಪಾದದ ಗೆಣ್ಣು, ಕಿವಿ. ಗಾಲಿಕುರ್ಚಿಯಲ್ಲಿ ಕೂರುವವರಿಗೆ ಕುಂಡೆಯ ಕೆಳಗಿನ ಮೂಳೆ. ಆಮೇಲೆ ಟ್ಯೂಬುಗಳು. ಆಕ್ಸಿಜನ್ ಪೈಪ್ ಕಿವಿ ಹಿಂದೆ ಕೊಯ್ಯುತ್ತದೆ. ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್ ಮೂಗಿನ ಅಂಚಿನಲ್ಲಿ, ಮೂತ್ರದ ಪೈಪ್ ತೊಡೆಯ ಕೆಳಗೆ ಸಿಕ್ಕಿ ಹುಣ್ಣು ಮಾಡುತ್ತವೆ.

ಏನು ನೋಡಬೇಕು? ಪುಸ್ತಕಗಳಲ್ಲಿ ಮೊದಲ ಗುರುತು ಕೆಂಪು ಅಂತ ಬರೆದಿರುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟರೆ ಬೆಳ್ಳಗಾಗದ ಕೆಂಪು. ನಮ್ಮ ಮೈಬಣ್ಣಕ್ಕೆ ಈ ಪರೀಕ್ಷೆ ಅಷ್ಟಾಗಿ ಒಗ್ಗುವುದಿಲ್ಲ. ಕಪ್ಪು, ಗೋಧಿ ಚರ್ಮದಲ್ಲಿ ಕೆಂಪು ಕಾಣದೆಯೇ ಹೋಗಬಹುದು. ಸುತ್ತಲಿನದಕ್ಕಿಂತ ಕಪ್ಪಾಗಿ, ನೇರಳೆಯಾಗಿ, ನೀಲಿಯಾಗಿ ಕಾಣಬಹುದು. ಅದಕ್ಕೇ ಕಣ್ಣಿನ ಜೊತೆ ಕೈಯನ್ನೂ ಬಳಸಿ. ಅಂಗೈ ಹಿಂಭಾಗ ಇಟ್ಟು ನೋಡಿ. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ತಣ್ಣಗಿದೆಯಾ? ಮೆಲ್ಲಗೆ ಒತ್ತಿ. ಗಟ್ಟಿಯಾಗಿದೆಯಾ, ಇಲ್ಲ ಹಣ್ಣಾದ ಟೊಮ್ಯಾಟೊ ಹಾಗೆ ಮೆತ್ತಗಿದೆಯಾ? ಮುಟ್ಟಿದಾಗ ಮುಖ ಹಿಂಡುತ್ತಾರಾ? ಇದರಲ್ಲಿ ಒಂದು ಕಂಡರೂ ಆ ಜಾಗದ ಮೇಲಿನ ಭಾರವನ್ನು ತಕ್ಷಣ ತೆಗೆಯಬೇಕು. ಬಾಗಿಲ ಕಡೆಯ ಬೆಳಕಲ್ಲಿ ನೋಡಿ, ಇಲ್ಲವೇ ಮೊಬೈಲ್ ಟಾರ್ಚ್ ಹಾಕಿ.

ಇಲ್ಲಿ ಮರ್ಯಾದೆಯ ಪ್ರಶ್ನೆ ಬರುತ್ತದೆ. ಎಂಬತ್ತು ವರ್ಷದ ತಾಯಿ ಮಗನ ಎದುರು ಸೀರೆ ಸರಿಸಲು ಒಪ್ಪುವುದಿಲ್ಲ. ಒಪ್ಪಿಸಲೂ ಹೋಗಬೇಡಿ. ಮಗಳು, ಸೊಸೆ, ತಂಗಿ ಯಾರಾದರೂ ಹೋಗಲಿ. ಬಾಗಿಲು ಹಾಕಿ, ಪರದೆ ಎಳೆಯಿರಿ. "ಅಮ್ಮಾ, ಬೆನ್ನು ಒಂಚೂರು ನೋಡ್ತೀನಿ, ಆಗಬಹುದಾ?" ಅಂತ ಕೇಳಿ. ಮಾತು ನಿಂತುಹೋದವರನ್ನೂ ಕೇಳಿ. ಸ್ನಾನ ಮಾಡಿಸುವ ಅಥವಾ ಡೈಪರ್ ಬದಲಿಸುವ ಹೊತ್ತಿಗೆ ಹೋದರೆ ಬೇರೆಯಾಗಿ ಮುಜುಗರ ಪಡಿಸುವುದು ತಪ್ಪುತ್ತದೆ.

ಮಕ್ಕಳು ದೂರದ ದೇಶದಲ್ಲಿದ್ದರೆ ವೀಡಿಯೊ ಕಾಲ್‌ನಲ್ಲಿ ಮುಖ ಮಾತ್ರ ಕಾಣಿಸುತ್ತದೆ. ವಾರಕ್ಕೊಮ್ಮೆ ಆಯಾ ಮೊಬೈಲ್ ಹಿಡಿದು ಹಿಮ್ಮಡಿ, ಬೆನ್ನಿನ ತಳ ತೋರಿಸಲಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹಿರಿಯರು ಒಪ್ಪಿರಬೇಕು, ಆ ವೀಡಿಯೊ ಎಲ್ಲೂ ಉಳಿಯಬಾರದು. ಅದಕ್ಕಿಂತ ಒಳ್ಳೆಯದು ಊರಲ್ಲಿರುವ ನೆಂಟರನ್ನು ಹದಿನೈದು ದಿನಕ್ಕೊಮ್ಮೆ ಕಳಿಸುವುದು. ಕ್ಯಾಮೆರಾಗೆ ವಾಸನೆ ಬರುವುದಿಲ್ಲ ಅಲ್ವಾ?

ಹೋಗುವ ಹೊತ್ತು ಬದಲಿಸುತ್ತಿರಿ. ಭಾನುವಾರ ಹನ್ನೊಂದು ಗಂಟೆಗೆ ಎಲ್ಲ ಕಡೆಯೂ ಚೆನ್ನಾಗಿರುತ್ತದೆ. ಬುಧವಾರ ಮಧ್ಯಾಹ್ನ ಮೂರಕ್ಕೆ, ಬೆಳಿಗ್ಗೆ ಆರೂವರೆಗೆ, ರಾತ್ರಿ ಊಟದ ಹೊತ್ತಿಗೆ ಹೋಗಿ. ಚಾರ್ಟ್ ತೆಗೆದು ನೋಡಿ. ಎರಡು ಗಂಟೆಗೆ ಎಡ ಮಗ್ಗುಲು ಅಂತ ಬರೆದು, ಅವರು ಅಂಗಾತ ಮಲಗಿದ್ದರೆ? ಇಡೀ ದಿನದ್ದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ? ನಾಲ್ಕು ಗಂಟೆಗೆ ಹೋದಾಗ ಆರು ಗಂಟೆಯದ್ದೂ ಆಗಲೇ ತುಂಬಿದ್ದರೆ? ಅದರ ಫೋಟೊ ತೆಗೆದುಕೊಳ್ಳಿ.

ನಿರ್ಲಕ್ಷ್ಯದ ಬೇರೆ ಗುರುತುಗಳೂ ಇದರ ಜೊತೆಗೇ ಕಾಣುತ್ತವೆ. ಕೈಗೆಟುಕದ ದೂರದಲ್ಲಿ ನೀರಿನ ಲೋಟ. ಒಣಗಿ ಬಿರುಕು ಬಿಟ್ಟ ನಾಲಿಗೆ. ಬೆಳೆದ ಉಗುರು. ಸಡಿಲವಾದ ಬಳೆ. ಕರೆಗಂಟೆಯ ವೈರ್ ಗೋಡೆಗೆ ಸುತ್ತಿಟ್ಟಿರುವುದು. ಮಂಚದ ಕಂಬಿಗೆ ಕಟ್ಟಿದ ಕೈ. ಯಾವಾಗ ಹೋದರೂ ನಿದ್ದೆ. ಆಯಾ ಒಳಗೆ ಬಂದಾಗ ಮಾತು ನಿಲ್ಲಿಸುವುದು. ಕೊನೆಯದನ್ನು ಕಂಡರೆ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. "ಬೆನ್ನು ಉರಿಯುತ್ತೆ" ಅಂದರೆ ನಂಬಿ.

ಹಂತ 4: ತಡೆಯುವ ಕೆಲಸ ಸರಿಯಾಗಿ ಹೇಗೆ

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ತಿರುಗಿಸುವುದು ಹಳೆಯ ಲೆಕ್ಕ, ಈಗಲೂ ನಡೆಯುವ ಲೆಕ್ಕ. ಒಳ್ಳೆಯ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ ಡಾಕ್ಟರ್ ಅಥವಾ ನರ್ಸ್ ಈ ಅಂತರ ಹೆಚ್ಚಿಸಬಹುದು. ಹುಣ್ಣಿನ ಗುರುತು ಕಂಡರೆ ಕಡಿಮೆ ಮಾಡಬೇಕು.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೇ ಭಾರ ಬೀಳುತ್ತದೆ. ಸುಮಾರು 30 ಡಿಗ್ರಿ ಮಾತ್ರ ಓರೆ ಮಾಡಿ, ಬೆನ್ನ ಹಿಂದೆ ದಿಂಬು ಕೊಡಿ. ಮಂಡಿಗಳ ನಡುವೆ ಇನ್ನೊಂದು ದಿಂಬು. ಮೀನಖಂಡದ ಉದ್ದಕ್ಕೂ ಒಂದು ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ ಬಿಡಿ. ಹಿಮ್ಮಡಿಯ ಕೆಳಗೆ ಕಾಗದ ತೂರಿಸಿದರೆ ಸಲೀಸಾಗಿ ಆಚೆ ಬರಬೇಕು. ಮಂಚದ ತಲೆಭಾಗವನ್ನು 30 ಡಿಗ್ರಿಗಿಂತ ಜಾಸ್ತಿ ಎತ್ತಿಡಬೇಡಿ. ಊಟಕ್ಕೆ, ಟ್ಯೂಬಿನಲ್ಲಿ ಆಹಾರ ಕೊಡುವಾಗ ಎತ್ತಲೇಬೇಕು. ಡಾಕ್ಟರ್ ಹೇಳಿದಷ್ಟು ಹೊತ್ತು ಇಟ್ಟು ಆಮೇಲೆ ಇಳಿಸಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ದರದರ ಎಳೆಯಬಾರದು. ಸೊಂಟದ ಕೆಳಗೆ ಅಡ್ಡ ಹಾಸಿದ ಬೆಡ್‌ಶೀಟನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು.

ಹಾಸಿಗೆಯ ಬಗ್ಗೆ ಒಂದು ಮಾತು. ಅಂಗಡಿಯವರು ಆಲ್ಫಾ ಬೆಡ್, ಏರ್ ಬೆಡ್ ಅನ್ನುವ ಗಾಳಿ ಹಾಸಿಗೆ ಒಳ್ಳೆಯದೇ. ಅದರ ಗುಳ್ಳೆಗಳು ಸರದಿಯಂತೆ ಉಬ್ಬುತ್ತಾ ಇಳಿಯುತ್ತಾ ಇರುತ್ತವೆ. ಆದರೆ ಅದನ್ನು ಹಾಕಿದ ಮೇಲೆ ತಿರುಗಿಸುವುದು ಬೇಡ ಅಂತ ಆಶ್ರಮದವರೂ ಮನೆಯವರೂ ಅಂದುಕೊಂಡುಬಿಡುತ್ತಾರೆ. ನಮ್ಮ ಅತ್ತೆಯ ಮಂಚದ ಮೇಲೂ ಏರ್ ಬೆಡ್ ಇತ್ತು. ಪಂಪಿನ ಪ್ಲಗ್ ತೆಗೆದು ಅಲ್ಲಿ ಮೊಬೈಲ್ ಚಾರ್ಜರ್ ಹಾಕಿದ್ದರು. ಹೋದಾಗಲೆಲ್ಲ ಪಂಪ್ ಸದ್ದು ಮಾಡುತ್ತಿದೆಯಾ ಕೇಳಿ. ಬೆನ್ನಿನ ತಳ ಬರುವ ಕಡೆ ಗಾಳಿ ಹಾಸಿಗೆಯ ಕೆಳಗೆ ಅಂಗೈ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಕನಿಷ್ಠ ಒಂದು ಇಂಚು ಗಾಳಿ ನಡುವೆ ಇರಬೇಕು. ಅದರ ಮೇಲೆ ಕೌದಿ, ರಬ್ಬರ್ ಶೀಟ್, ಎರಡು ಬೆಡ್‌ಶೀಟ್ ಹಾಸಿದರೆ ಹಾಸಿಗೆಯ ಕೆಲಸವೇ ನಿಂತುಹೋಗುತ್ತದೆ. ಒಂದು ತೆಳು ಹತ್ತಿ ಬಟ್ಟೆ ಸಾಕು. ಕರೆಂಟ್ ಹೋದಾಗ ಏನು ಮಾಡುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ.

ಮಾಡಬಾರದ ಎರಡು ಕೆಲಸ ನಮ್ಮಲ್ಲಿ ತುಂಬಾ ನಡೆಯುತ್ತದೆ. ನಡುವೆ ತೂತಿರುವ ಟ್ಯೂಬಿನಂಥ ದಿಂಬಿನ ಮೇಲೆ ಕೂರಿಸುವುದು ಒಂದು. ಅದರ ಅಂಚು ಸುತ್ತಲಿನ ರಕ್ತನಾಳಗಳನ್ನೇ ಒತ್ತುತ್ತದೆ. ಕಪ್ಪಾದ ಜಾಗಕ್ಕೆ ಎಣ್ಣೆ ಹಾಕಿ ಗಸಗಸ ತಿಕ್ಕುವುದು ಇನ್ನೊಂದು. ಒಳಗೆ ಆಗಲೇ ಜಖಂ ಆಗಿರುವ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಕೈಕಾಲಿಗೆ ಎಣ್ಣೆ ನೀವುವುದು ಬೇರೆ, ಮೂಳೆ ಉಬ್ಬಿದ ಕಡೆ ತಿಕ್ಕುವುದು ಬೇರೆ.

ಡೈಪರನ್ನು ತುಂಬುವವರೆಗೆ ಬಿಡದೆ ನೋಡುತ್ತಿರಬೇಕು. ಮಲ ಆದರೆ ತಕ್ಷಣ ತೆಗೆಯಬೇಕು. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಕ್ರೀಮ್ ತೆಳ್ಳಗೆ ಹಚ್ಚಿ. ಪೌಡರ್ ಬೇಡ. ಒದ್ದೆಯಲ್ಲಿ ಗಂಟಾಗಿ ಉಜ್ಜುತ್ತದೆ.

ಊಟದ ವಿಷಯದಲ್ಲಿ ನಾವು ಮೋಸ ಹೋಗುವುದು ಜಾಸ್ತಿ. ಮೆತ್ತಗಿನ ಅನ್ನ, ತಿಳಿಸಾರು, ಗಂಜಿ. ಹೊಟ್ಟೆ ತುಂಬುತ್ತದೆ, ಮಾಂಸ ಕಟ್ಟುವುದಿಲ್ಲ. ಹುಣ್ಣಿನ ಅಪಾಯ ಇರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂತ ವೈದ್ಯರು ಹೇಳುತ್ತಾರೆ. ಐವತ್ತು ಕಿಲೋ ಇರುವ ಅಜ್ಜಿಗೆ 62ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬೇಳೆ ಕಟ್ಟಿನ ನೀರಿನಲ್ಲಿ ಏನೂ ಇರುವುದಿಲ್ಲ, ಬೇಳೆಯನ್ನೇ ಮಸೆದು ತಿನ್ನಿಸಬೇಕು. ಹುರಿಗಡಲೆ ಪುಡಿಯನ್ನು ಗಂಜಿಗೆ ಬೆರೆಸಬಹುದು. ಹೆಸರುಬೇಳೆ ಪಾಯಸ, ಮೊಸರು, ರಾಗಿ ಅಂಬಲಿಗೆ ಹಾಲು, ಪನೀರ್ ಪುಡಿ ಮಾಡಿ ಕಲಸಿದ ಅನ್ನ ಇವೆಲ್ಲ ಆಗುತ್ತವೆ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆಯಲು ಹೇಳಿ.

ಹಂತ 5: ಹುಣ್ಣು ಕಂಡ ದಿನ

ಕೂಗಾಡಬೇಕು ಅನ್ನಿಸುತ್ತದೆ. ನಾನೂ ಕೂಗಾಡಿದೆ. ಅದರಿಂದ ಬೇಕಾದ ಒಂದು ಗಂಟೆ ಹಾಳಾಯಿತು.

ಮೊದಲು ಆ ಜಾಗದ ಮೇಲಿನ ಭಾರ ತೆಗೆಯಿರಿ. ಇನ್ನು ಆ ಹುಣ್ಣಿನ ಮೇಲೆ ಮಲಗಿಸುವಂತಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಉದ್ದ, ಅಗಲ ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಕೀವು ಇದೆಯಾ, ವಾಸನೆ ಇದೆಯಾ ಬರೆದುಕೊಳ್ಳಿ. ಆಳ ಅಳೆಯುವುದು ನರ್ಸ್ ಅಥವಾ ಡಾಕ್ಟರ ಕೆಲಸ. ಡಾಕ್ಟರ್ ಬಂದು ನೋಡಬೇಕು, ಅದೂ ಅವತ್ತೇ.

ಡಾಕ್ಟರುಗಳು ಹುಣ್ಣನ್ನು ನಾಲ್ಕು ಹಂತವಾಗಿ ಹೇಳುತ್ತಾರೆ. ಒಂದನೆಯದರಲ್ಲಿ ಚರ್ಮ ಒಡೆದಿರುವುದಿಲ್ಲ, ಬಣ್ಣ ಬದಲಾಗಿರುತ್ತದೆ. ಎರಡನೆಯದರಲ್ಲಿ ಮೇಲಿನ ಪದರ ಕಿತ್ತು ಗುಲಾಬಿ ಬಣ್ಣದ ಗಾಯ, ಇಲ್ಲವೇ ನೀರುಗುಳ್ಳೆ. ಮೂರರಲ್ಲಿ ಗುಂಡಿಯಾಗಿ ಒಳಗಿನ ಕೊಬ್ಬು ಕಾಣುತ್ತದೆ. ನಾಲ್ಕರಲ್ಲಿ ಸ್ನಾಯು, ಮೂಳೆ. ಮೇಲೆ ಕಪ್ಪು ಅಥವಾ ಹಳದಿ ಪೊರೆ ಮುಚ್ಚಿದ್ದರೆ ಅದನ್ನು ತೆಗೆಯುವವರೆಗೆ ಹಂತ ಹೇಳಲಾಗುವುದಿಲ್ಲ. ಚರ್ಮ ಒಡೆಯದೆ ಕಡು ನೇರಳೆಯಾಗಿದ್ದರೆ ಸಣ್ಣದು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದು ಆಳದ ಪೆಟ್ಟು. ಮೊದಲ ಎರಡು ಹಂತ ಭಾರ ತೆಗೆದರೆ ದಿನಗಳಲ್ಲೋ ವಾರಗಳಲ್ಲೋ ವಾಸಿಯಾಗಬಹುದು. ಮೂರು, ನಾಲ್ಕು ಅಂದರೆ ತಿಂಗಳುಗಳು.

ಗಾಯ ತೊಳೆಯಲು ನಾರ್ಮಲ್ ಸಲೈನ್, ಅಂದರೆ ಆಸ್ಪತ್ರೆಯಲ್ಲಿ ಬಳಸುವ ಶುದ್ಧ ಉಪ್ಪುನೀರು, ಸಾಕು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಸುರಿಯಬಾರದು. ಹೊಸದಾಗಿ ಹುಟ್ಟುವ ಮಾಂಸವನ್ನೂ ಅವು ಸುಡುತ್ತವೆ. ಅರಿಶಿನ ಪುಡಿ, ಅಡುಗೆಮನೆಯ ಜೇನುತುಪ್ಪ, ಸುಣ್ಣ, ಆಂಟಿಬಯಾಟಿಕ್ ಪುಡಿ ತುಂಬುವುದು ಬೇಡ. ಗಾಯ ಗಾಳಿಗೆ ಒಣಗಲಿ ಅಂತ ತೆರೆದಿಡುವುದೂ ಸರಿಯಲ್ಲ. ಒಳಗೆ ಸ್ವಲ್ಪ ತೇವ ಇರುವ ಹಾಗೆ ಮುಚ್ಚುವ ಡ್ರೆಸಿಂಗ್ ಬೇಕು. ಯಾವುದು ಅಂತ ಡಾಕ್ಟರ್ ಹೇಳಲಿ. ಸತ್ತ ಕಪ್ಪು ಮಾಂಸವನ್ನು ಸರ್ಜನ್ ತೆಗೆಯಬೇಕು, ಆಯಾ ಕತ್ತರಿಯಲ್ಲಿ ಕತ್ತರಿಸಬಾರದು. ಹಿಮ್ಮಡಿಯಲ್ಲಿ ಒಣಗಿ ಗಟ್ಟಿಯಾಗಿ ಕೂತ ಕಪ್ಪು ಪೊರೆಯನ್ನು ಎಷ್ಟೋ ಸಲ ಹಾಗೇ ಬಿಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಗೆ ಬರದೆ ಗಾಯ ಕೂಡುವುದಿಲ್ಲ. ಡ್ರೆಸಿಂಗ್ ಬದಲಿಸುವ ಮುಂಚೆ ನೋವಿನ ಮಾತ್ರೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಮಾತಾಡಲಾರದವರಿಗೂ ನೋವಾಗುತ್ತದೆ.

ಈ ಗುರುತು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ: ಚಳಿ ಜ್ವರ, ಜೋರಾದ ಉಸಿರು, ದಿಢೀರ್ ಗೊಂದಲ ಅಥವಾ ಮಂಪರು, ಮೂತ್ರ ಕಡಿಮೆಯಾಗುವುದು, ಗಾಯದ ಸುತ್ತ ಕೆಂಪು ಹರಡುವುದು, ಕೊಳೆತ ವಾಸನೆ. ನಂಜು ಹರಡುತ್ತಿರುವುದರ, ಇಲ್ಲವೇ ರಕ್ತಕ್ಕೆ ಸೇರಿದ್ದರ ಲಕ್ಷಣ ಇವಾಗಿರಬಹುದು. ತುಂಬಾ ವಯಸ್ಸಾದವರಲ್ಲಿ ಜ್ವರ ಬರದೆಯೂ ನಂಜು ಏರುತ್ತದೆ. "ಯಾಕೋ ಇವತ್ತು ಮಾತೇ ಆಡ್ತಿಲ್ಲ" ಅನ್ನುವುದೇ ಮೊದಲ ಸುಳಿವಾಗಿರಬಹುದು.

ಹಂತ 6: ಇದು ನಿರ್ಲಕ್ಷ್ಯವೇ?

ಎಲ್ಲ ಹುಣ್ಣೂ ನಿರ್ಲಕ್ಷ್ಯವಲ್ಲ. ಕೊನೆಯ ದಿನಗಳಲ್ಲಿ ದೇಹದ ಒಂದೊಂದು ಅಂಗವೂ ಸೋಲುತ್ತಿರುವಾಗ ಚರ್ಮವೂ ಸೋಲುತ್ತದೆ. ಎಷ್ಟು ತಿರುಗಿಸಿದರೂ ಹುಣ್ಣಾಗಬಹುದು. ಮನೆಯಲ್ಲಿ ಪ್ರಾಣ ಕೊಟ್ಟು ನೋಡಿಕೊಂಡವರ ಕೈಯಲ್ಲೂ ಆಗಿದೆ. ಅಂಥವರು ತಮ್ಮನ್ನು ತಾವು ದೂರಿಕೊಳ್ಳುವುದನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ.

ಆದರೆ ಹೆಚ್ಚಿನವನ್ನು ತಡೆಯಬಹುದು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2008ರ ಅಕ್ಟೋಬರ್‌ನಿಂದ ಒಂದು ನಿಯಮ ತಂದಿತು. ಆಸ್ಪತ್ರೆಯಲ್ಲಿ ಸೇರಿದ ಮೇಲೆ ಮೂರನೇ, ನಾಲ್ಕನೇ ಹಂತದ ಹುಣ್ಣಾದರೆ ಅದರ ಹೆಚ್ಚುವರಿ ಖರ್ಚು ಕೊಡುವುದಿಲ್ಲ ಅಂತ. ಅಲ್ಲಿನ ನರ್ಸಿಂಗ್ ಹೋಂಗಳ ನಿಯಮವೂ, ಹುಣ್ಣಿಲ್ಲದೆ ಬಂದವರಿಗೆ ತಪ್ಪಿಸಲಾಗದ ಕಾರಣವಿಲ್ಲದೆ ಹುಣ್ಣಾಗಬಾರದು ಅನ್ನುತ್ತದೆ. ಅದೇ ಮಾತನ್ನು ನಾವು ನಮ್ಮ ಆಶ್ರಮಕ್ಕೆ ಪ್ರಶ್ನೆಯಾಗಿ ಕೇಳಬಹುದು. ಅಪಾಯ ಅಳೆದಿದ್ದಿರಾ? ತಿರುಗಿಸಿದ್ದಕ್ಕೆ ದಾಖಲೆ ಇದೆಯಾ? ಮೊದಲ ಗುರುತು ಯಾವತ್ತು ಕಂಡಿತು? ಕಂಡ ಮೇಲೆ ಡಾಕ್ಟರಿಗೆ, ನಮಗೆ ಯಾವಾಗ ಹೇಳಿದಿರಿ? ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ ಅದು ನಿರ್ಲಕ್ಷ್ಯ.

ಆಯಾ ಮೇಲೆ ಕೋಪ ತೀರಿಸಿಕೊಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹನ್ನೆರಡು ಗಂಟೆಯ ಪಾಳಿ, ಕಡಿಮೆ ಸಂಬಳ, ಕೈಕೆಳಗೆ ಒಂದು ಹಾಲ್ ತುಂಬಾ ರೋಗಿಗಳು. ಅವಳ ಸೊಂಟವೂ ನೋಯುತ್ತಿರುತ್ತದೆ. ಬೇಕಾದಷ್ಟು ಜನರನ್ನು ಇಡದೆ ಹಾಸಿಗೆಗಳನ್ನು ತುಂಬಿಸಿಕೊಂಡವರು ಬೇರೆ. ಉತ್ತರ ಹೇಳಬೇಕಾದವರು ಅವರು.

ಹಂತ 7: ದೂರು

ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡಿ. ಇಮೇಲ್ ಆದರೂ ಸರಿ, ಪತ್ರವಾದರೆ ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಚಾರ್ಟ್, ನರ್ಸ್ ಟಿಪ್ಪಣಿ, ಔಷಧದ ಪಟ್ಟಿಯ ಪ್ರತಿ ಕೇಳಿ. ನೋಡಿದ ವೈದ್ಯರು 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲಿದೆ. ಬಿಲ್ಲು, ರಸೀದಿ, ಸೇರಿಸುವಾಗ ಮಾಡಿಕೊಂಡ ಒಪ್ಪಂದ ಜೋಪಾನವಾಗಿಡಿ.

ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567. ಇಡೀ ದೇಶಕ್ಕೆ ಒಂದೇ ಸಂಖ್ಯೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಉಚಿತ. ಬೆಂಗಳೂರಿನಲ್ಲಿ ನಗರ ಪೊಲೀಸರ ಜೊತೆ ಸೇರಿ ನಡೆಯುವ ಹಿರಿಯರ ಸಹಾಯವಾಣಿ 1090 ಇದೆ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಕರ್ನಾಟಕದಲ್ಲಿ ವೃದ್ಧಾಶ್ರಮಗಳ ವಿಷಯ ನೋಡುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅದರ ಜಿಲ್ಲಾ ಅಧಿಕಾರಿಗೆ ದೂರು ಕೊಡಬಹುದು. ಆ ಜಾಗ ಆಸ್ಪತ್ರೆ ಅಥವಾ ನರ್ಸಿಂಗ್ ಹೋಂ ಅಂತ ನೋಂದಣಿಯಾಗಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಕೆಳಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ದೂರು ಕೇಳುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ದುಡ್ಡು ಕೊಟ್ಟು ಸೇರಿಸಿದ್ದರೆ ನೀವು ಗ್ರಾಹಕರು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ಪೂರ್ತಿ ಉಚಿತವಾಗಿ ನೋಡಿಕೊಳ್ಳುವ ಆಶ್ರಮದ ಮೇಲೆ ಈ ದಾರಿ ನಡೆಯುವುದಿಲ್ಲ.

ಪೊಲೀಸ್ ದೂರಿನ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಎರಡು ಕಲಂ ನೆನಪಿಡಿ. 125 ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತರುವುದರ ಬಗ್ಗೆ. 357 ನಮ್ಮ ವಿಷಯಕ್ಕೇ ಬರೆದ ಹಾಗಿದೆ: ಕಾಯಿಲೆಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇನೆ ಅಂತ ಒಪ್ಪಂದ ಮಾಡಿಕೊಂಡವರು ಬೇಕಂತಲೇ ನೋಡಿಕೊಳ್ಳದೆ ಬಿಡುವುದು. ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ತಾವೇ ತನಿಖೆ ಶುರು ಮಾಡುವ ಅಪರಾಧ ಇದಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಒಬ್ಬ ವಕೀಲರನ್ನು ಕೇಳಿ ಮುಂದುವರಿಯಿರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಾನೂನು ಸಲಹೆ ಸಿಗುತ್ತದೆ.

ಹಂತ 8: ಅಲ್ಲೇ ಇಡುವುದಾ, ಕರೆತರುವುದಾ

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಎರಡನೇ ಹಂತದಲ್ಲೇ ಅವರೇ ಕಂಡು, ಅವರೇ ಫೋನ್ ಮಾಡಿ ಹೇಳಿದ್ದರೆ, ಚಾರ್ಟ್ ನಂಬುವಂತಿದ್ದರೆ, ಅಲ್ಲೇ ಇಟ್ಟು ವಾರಕ್ಕೆರಡು ಸಲ ಹೋಗಿ ನೋಡಿ. ಎರಡು ವಾರದಲ್ಲಿ ಗಾಯ ಒಂಚೂರಾದರೂ ಚಿಕ್ಕದಾಗದಿದ್ದರೆ ಚಿಕಿತ್ಸೆಯನ್ನು ಮತ್ತೆ ನೋಡಬೇಕು. ಮುಚ್ಚಿಟ್ಟಿದ್ದರೆ ನಾನಂತೂ ಒಂದು ರಾತ್ರಿಯೂ ಬಿಡುವುದಿಲ್ಲ. ಬದಲಿಸುವಾಗ ಆ್ಯಂಬುಲೆನ್ಸಿನಲ್ಲಿ ಪಕ್ಕಕ್ಕೆ ಮಲಗಿಸಿಯೇ ಕರೆದೊಯ್ಯಲು ಹೇಳಿ.

ನಾವು ಅತ್ತೆಯನ್ನು ಮೊದಲು ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಕರೆತಂದೆವು. ಗೋಡೆ ಗಡಿಯಾರದ ಕೆಳಗೆ ಹಾಳೆ ಅಂಟಿಸಿ ಎಡ, ಬೆನ್ನು, ಬಲ ಅಂತ ಬರೆದೆವು. ಆಮೇಲೆ ಬೆನ್ನು ಅನ್ನುವುದನ್ನು ಹೊಡೆದುಹಾಕಿದೆವು, ಗಾಯ ಅಲ್ಲೇ ಇತ್ತಲ್ಲ. ರಾತ್ರಿ ಹನ್ನೆರಡರ ಸರದಿ ನನ್ನದು, ಎರಡರದ್ದು ನಮ್ಮ ಮನೆಯವರದ್ದು, ನಾಲ್ಕರದ್ದು ಹೋಂ ನರ್ಸ್ ಹುಡುಗಿಯದ್ದು. ಗುಂಡಿ ತುಂಬಿ ಚರ್ಮ ಕೂಡಲು ಏಳು ತಿಂಗಳಾಯಿತು. ಆ ಕೇಂದ್ರದಲ್ಲಿ ಅತ್ತೆಯ ಪಕ್ಕದ ಮಂಚದಲ್ಲಿ ಇನ್ನೊಬ್ಬರು ಅಜ್ಜಿ ಇದ್ದರು. ಅವರ ಮಗಳ ನಂಬರ್ ಹುಡುಕಿ ಫೋನ್ ಮಾಡಿ, "ಇವತ್ತೇ ಹೋಗಿ, ಹೊದಿಕೆ ಸರಿಸಿ ನೋಡಿ" ಅಂತ ಹೇಳಿದೆ. ಅವರು ಅವತ್ತು ಸಂಜೆಯೇ ಹೋದರು.